ಹೂಂಗುಟ್ಟುವವ

ಬೆನ್ನ ಮೇಲಿನ ಚೀಲ ತನ್ನದಲ್ಲವೆಂದು ದಾರಿಯಲ್ಲಿ ಎದುರಾದ ಒಬ್ಬೊಬ್ಬರಿಗೂ ಹೇಗೆ ತಿಳಿಸುವುದು ಎಂಬ ಚಿಂತೆ ಹೊನ್ನೂರಪ್ಪನನ್ನು ಮಸ್ಕಿಯ ಹಳ್ಳ ದಾಟುವ ಮೊದಲೇ ಹಿಡಿದುಕೊಂಡಿತು. ಹಸಿರು ಕ್ಯಾನ್ವಾಸಿನ ಚೀಲ. ಅದರ ತಲೆಯ ಮೇಲೊಂದು ಸುತ್ತಿದ ಕಂಬಳಿ, ಪಕ್ಕದಲ್ಲೊಂದು ಅಲ್ಯೂಮಿನಿಯಂ ಬೋಗುಣಿ. ಹೆಜ್ಜೆಗೊಮ್ಮೆ ಬೋಗುಣಿ ಠಣ್ಣೆಂದು, ಹೊಲದಲ್ಲಿ ಬಗ್ಗಿದವರನ್ನೆಲ್ಲ ಎದ್ದು ನೋಡುವಂತೆ ಮಾಡುತ್ತಿತ್ತು. ಅದನ್ನು ಅವನು ಎತ್ತಿದ್ದು ಬರೀ ಮರ್ಯಾದೆಗೆ. ಅತಿಥಿಯ ಗಂಟಿಗೆ ಕೈ ಹಾಕಬೇಕು, ಅತಿಥಿ ಬ್ಯಾಡ್ರಿ ಬ್ಯಾಡ್ರಿ ಎಂದು ಕಸಿದುಕೊಳ್ಳಬೇಕು, ಎರಡು ಹೆಜ್ಜೆ ಜಗ್ಗಾಡಿ ಬಿಟ್ಟುಕೊಡಬೇಕು. ಹುಟ್ಟಿದಾಗಿನಿಂದ ಅವನು ಕಂಡ ಮರ್ಯಾದೆಯೇ ಹಾಗಿತ್ತು. ಈ ಜರ್ಮನಿಯ ಹುಡುಗನಿಗೆ ಅದರ ಎರಡನೆಯ ಅರ್ಧವನ್ನು ಯಾರೂ ಕಲಿಸಿರಲಿಲ್ಲ. ಡೀಟರ್ ಎಂಬ ಆ ಬಿಳಿಯ ಥ್ಯಾಂಕ್ಯೂ ಎಂದವನೇ ಎರಡೂ ಕೈ ಬೀಸಿಕೊಂಡು ಮುಂದೆ ನಡೆದುಬಿಟ್ಟ. ಈಗ ಮಸ್ಕಿಯ ಹೆಡ್‌ಮಾಸ್ತರ, ಧೋತರ, ಕರಿ ಕೋಟು, ಟೊಪ್ಪಿಗೆಯ ಸಮೇತ, ಹಮಾಲನಂತೆ ಅವನ ಹಿಂದೆ ಹೊರಟಿದ್ದ. ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ಬಸ್ಸು ಅವರನ್ನು ದಾಟಿ ಹೋಯಿತು. ಕಿಟಕಿಯಿಂದ ಯಾರೋ ನಮಸ್ಕಾರ ಮಾಡಿದರು. ನಮಸ್ಕಾರ ತನಗೋ ಚೀಲಕ್ಕೋ ತಿಳಿಯದೆ ಹೊನ್ನೂರಪ್ಪ ಅರ್ಧ ಕೈ ಎತ್ತಿ ಇಳಿಸಿದ.

ಬಸ್ಸಿನಲ್ಲಿ ಹೋಗಬಹುದಿತ್ತು. ಬಸ್ಸಿನಲ್ಲಾದರೆ ಗೊರೇಬಾಳ ಬರುವಾಗ ಎಡಗಡೆಯ ಕಿಟಕಿ ಬಿಟ್ಟು ಬಲಗಡೆಯದನ್ನು ನೋಡಿದರೆ ಸಾಕು. ಎಷ್ಟೋ ವರ್ಷದಿಂದ ಅವನು ಹಾಗೇ ನೋಡುತ್ತ ಬಂದಿದ್ದಾನೆ. ಆದರೆ ಈ ಹುಡುಗನಿಗೆ ನಡೆಯಬೇಕು. ನಡೆದೇ ಯಾವ ಯಾವ ದೇಶ ದಾಟಿ ಬಂದನಂತೆ. ಯುದ್ಧ ನಡೆದ ನೆಲವನ್ನು ಗಾಡಿಯಲ್ಲಿ ಕೂತು ನೋಡಿದರೆ ಏನೂ ಕಾಣುವುದಿಲ್ಲವಂತೆ. ಇಲ್ಲಿ ಎಲ್ಲಿಯ ಯುದ್ಧ ಎಂದು ಹೊನ್ನೂರಪ್ಪ ಕೇಳಬೇಕೆಂದಿದ್ದ. ಆದರೆ ಲಿಂಗಸುಗೂರಿನ ತಹಶೀಲ್ದಾರ ಸಾಹೇಬರು ಇವನ ಕೈಯಲ್ಲಿ ಕೊಟ್ಟು ಕಳಿಸಿದ ಚೀಟಿಯಲ್ಲಿ ಎಲ್ಲ ಇತ್ತು: ಈ ಅತಿಥಿಗೆ ಅಶೋಕನ ಕಲ್ಲು ತೋರಿಸಿ, ಸಿಂಧನೂರಿಗೆ ಮುಟ್ಟಿಸುವುದು. ನಲವತ್ತೆಂಟರ ಗದ್ದಲದಲ್ಲಿ ತಾವು ಜೀವ ಒತ್ತೆಯಿಟ್ಟು ಒಬ್ಬ ಮುಸಲ್ಮಾನನನ್ನು ನೆಲದೊಳಗಿನ ಹಗೇವಿನಲ್ಲಿ ಅಡಗಿಸಿದ ಸಂಗತಿ ತಿಳಿಸಿರುತ್ತೇನೆ, ಕೇಳಿ ಬಹಳ ಸಂತೋಷಪಟ್ಟರು. ಸಂತೋಷ. ಈ ಸಂಗತಿಗೆ ಸಂತೋಷಪಡುವವರು ಕಡಿಮೆಯಾಗಿರಲಿಲ್ಲ. ಪ್ರತಿ ಜನವರಿ ಇಪ್ಪತ್ತಾರಕ್ಕೆ ಬಾವುಟದ ಕೆಳಗೆ ನಿಂತು ಯಾರಾದರೊಬ್ಬರು ಅದನ್ನು ಹೇಳುತ್ತಾರೆ, ಹೊನ್ನೂರಪ್ಪ ತಲೆ ತಗ್ಗಿಸಿ ಹೂಂ ಅನ್ನುತ್ತಾನೆ. ವಿನಯ ನೋಡ್ರಿ, ಅನ್ನುತ್ತಾರೆ. ಆ ವಿನಯದ ಮೇಲೆಯೇ ಅವನು ಹೆಡ್‌ಮಾಸ್ತರನಾದದ್ದು. ಅಡಗಿಸಿದ ಮನುಷ್ಯ ಆಮೇಲೆ ಏನಾದ ಎಂದು ಕೇಳಿದವರುಂಟು. ಸಿಕ್ಕಿಬಿದ್ದ ಎಂದರೆ ತ್ಚ್ ತ್ಚ್ ಅನ್ನುತ್ತಿದ್ದರು. ಹೇಗೆ ಸಿಕ್ಕಿಬಿದ್ದ ಎಂದು ಮಾತ್ರ ಇಪ್ಪತ್ತೆರಡು ವರ್ಷದಲ್ಲಿ ಒಬ್ಬರೂ ಕೇಳಿರಲಿಲ್ಲ. ಇವನು ಕೇಳಿಯಾನು. ಮುಂದೆ ಹೋಗುವ ಈ ಉದ್ದ ಕಾಲಿನ, ಜೇನುಬಣ್ಣದ ಗಡ್ಡದ ಪ್ರಾಣಿ ಬೆಳಗಿನಿಂದ ಕೇಳುವುದನ್ನು ಬಿಟ್ಟು ಬೇರೇನೂ ಮಾಡಿರಲಿಲ್ಲ.

ಬೆಳಿಗ್ಗೆ ಅಶೋಕನ ಕಲ್ಲಿನ ಮುಂದೆಯೂ ಹಾಗೇ ಆಗಿತ್ತು. ಗುಡ್ಡದ ಬಂಡೆಯ ಕೆಳಗೆ ಅರ್ಧ ತಾಸು ಕಣ್ಣು ಮುಚ್ಚಿ ಕೂತವನು ಎದ್ದು, ಕೊಂದದ್ದಕ್ಕೆ ರಾಜ ಪಶ್ಚಾತ್ತಾಪಪಟ್ಟ ಸಾಲು ಯಾವುದು ಎಂದ. ಮಸ್ಕಿಯ ಕಲ್ಲಿನ ಮೇಲೆ ಯುದ್ಧದ ಸುದ್ದಿ ಇಲ್ಲ, ಪಶ್ಚಾತ್ತಾಪದ ಸುದ್ದಿಯೂ ಇಲ್ಲ. ರಾಜನ ಹೆಸರಿದೆ, ದೊಡ್ಡವರ ಹಾಗೆ ಸಣ್ಣವರೂ ಧರ್ಮ ಮುಟ್ಟಬಹುದು ಎಂಬ ಮಾತಿದೆ. ಅದನ್ನು ಹೊನ್ನೂರಪ್ಪ ಐದನೆಯ ಇಯತ್ತೆಯವರಿಗೆ ಪ್ರತಿವರ್ಷ ಹೇಳಿ ಬಾಯಿಪಾಠ ಮಾಡಿಸಿದ್ದ. ಆದರೆ ಹುಡುಗ ಒಂದು ಸಾಲಿನ ಮೇಲೆ ಬೆರಳಿಟ್ಟು, ಇದೇ ಇರಬೇಕು ಅಲ್ಲವೇ, ಎಂದಾಗ ಹೊನ್ನೂರಪ್ಪನ ಮೂಗಿನಿಂದ ಹೂಂ ಎಂದು ಬಂದುಬಿಟ್ಟಿತು. ಹುಡುಗ ಆ ಸಾಲಿಗೆ ಹಣೆ ಹಚ್ಚಿದ. ಅದು ದೇವತೆಗಳ ಸುದ್ದಿಯ ಸಾಲಿರಬಹುದು, ಅಥವಾ ಕಲ್ಲಿನ ಬಿರುಕಿರಬಹುದು. ತಿದ್ದಬೇಕೆಂದರೆ ಅಷ್ಟರಲ್ಲಿ ಅವನ ಕಣ್ಣಲ್ಲಿ ನೀರು ಬಂದಿತ್ತು. ನೀರು ಬಂದ ಮೇಲೆ ತಿದ್ದುವುದು ಹೇಗೆ. ದೇವರ ಮನೆಯಲ್ಲಿ ತಪ್ಪು ದೇವರಿಗೆ ಕೈ ಮುಗಿದವರನ್ನೂ ನಮ್ಮವರು ತಿದ್ದುವುದಿಲ್ಲ.

ಹೂಂ ಎನ್ನುವುದು ಅವನಿಗೆ ಮಾತಾಗಿರಲಿಲ್ಲ, ಉಸಿರಿನ ಒಂದು ಬಗೆಯಾಗಿತ್ತು. ಅಪ್ಪ ಶ್ರಾವಣದಲ್ಲಿ ಮಠದ ಕಟ್ಟೆಯ ಮೇಲೆ ಪುರಾಣ ಓದುತ್ತಿದ್ದ. ಷಟ್ಪದಿಯನ್ನು ರಾಗವಾಗಿ ಎಳೆದು, ಒಂದು ನುಡಿಗೆ ನಿಂತು, ಅರ್ಥ ಹೇಳಿ, ಮತ್ತೆ ನಿಲ್ಲುತ್ತಿದ್ದ. ಆ ನಿಂತಲ್ಲಿ ಕೇಳುವವನೊಬ್ಬ ಹೂಂ ಅನ್ನಬೇಕು. ಅನ್ನದಿದ್ದರೆ ಕಥೆ ಮುಂದೆ ಹೋಗದು. ರಥದ ಮೇಲೆ ಬಿಲ್ಲೆತ್ತಿದ ಕರ್ಣ ಹಾಗೇ ಬಿಲ್ಲೆತ್ತಿಕೊಂಡು ನಿಂತಿರುತ್ತಿದ್ದ. ಆರು ವರ್ಷದವನಿದ್ದಾಗಲೇ ಹೊನ್ನೂರಪ್ಪನನ್ನು ಆ ಕೆಲಸಕ್ಕೆ ಕೂರಿಸಿದ್ದರು. ನಿದ್ದೆಯಲ್ಲಿಯೂ ಅವನ ಹೂಂ ತಪ್ಪುತ್ತಿರಲಿಲ್ಲ. ನಿಂತ ಕಡೆ ಬೀಳುತ್ತಿತ್ತು, ಮುಂದಲ್ಲ ಹಿಂದಲ್ಲ. ಊರವರು ಹೊಗಳುತ್ತಿದ್ದರು. ಪುರಾಣಿಕ ಸಾವಿರ ಸಿಕ್ಕಾರು, ಹಿಂಗ ಹೂಂಗುಟ್ಟೋನು ಸಿಗಾಂಗಿಲ್ಲ. ಅಪ್ಪ ಕೂರುತ್ತಿದ್ದ ಗಾದಿಯ ಅರಳೆಯನ್ನು ಪ್ರತಿವರ್ಷ ಹಿಂಜಿ ಉಬ್ಬಿಸಿ ಕೊಡುತ್ತಿದ್ದವನು ಪಿಂಜಾರ ಇಮಾಮ್‌ಸಾಬ್. ಅವನೂ ಪುರಾಣಕ್ಕೆ ಬಂದು ಕಂಬಕ್ಕೆ ಒರಗಿ ಕೂರುತ್ತಿದ್ದ. ನೀನು ಹೂಂ ಅಂದರ ಸಾಕು ತಮ್ಮಾ, ನನಗ ಕತಿ ಅರ್ಥ ಆಕ್ಕೈತಿ, ಅನ್ನುತ್ತಿದ್ದ. ಕೂದಲಿಗೆ, ರೆಪ್ಪೆಗೆ ಅರಳೆಯ ಎಳೆ ಅಂಟಿ ಅವನು ಮೂವತ್ತಕ್ಕೇ ಮುದುಕನಂತೆ ಕಾಣುತ್ತಿದ್ದ. ಇನ್ನೊಂದು ನಾಲ್ಕು ವರ್ಷ ಬದುಕಿದ.

ಅಂಬಪ್ಪನ ಚಾದ ಅಂಗಡಿ ರಸ್ತೆಯ ಅಂಚಿಗಿತ್ತು. ಕಾಲುವೆಯ ಕೆಲಸ ಶುರುವಾದಾಗ ಕೂಲಿಯವರಿಗಾಗಿ ಹಾಕಿದ ತಗಡಿನ ಗುಡಿಸಲು, ಕಾಲುವೆ ಮುಗಿದರೂ ಮುಗಿದಿರಲಿಲ್ಲ. ಅಂಬಪ್ಪ ಚೀಲವನ್ನು ನೋಡಿದ, ಚೀಲದ ಕೆಳಗಿನ ಮಾಸ್ತರನನ್ನು ನೋಡಿದ.

"ಏನ್ರಿ ಮಾಸ್ತರ, ಸರ್ಕಾರದ ಪಗಾರ ಸಾಲವಲ್ದೇನು?"

"ದೊರಿ ಸರ್ಕಾರದ ಅತಿಥಿ ಅದಾನ. ನಾ ಸಾಲಿ ಕೆಲಸದ ಮ್ಯಾಲ ಬಂದೀನಿ."

"ಹೌದು ಬಿಡ್ರಿ, ಸಾಲ್ಯಾಗೂ ಹೊರೂದೇ ಕಲಿಸ್ತೀರಿ," ಎಂದು ಅಂಬಪ್ಪ ಬಸಿ ತೊಳೆದ.

ಡೀಟರ್ ಬೆಂಚಿನ ಮೇಲೆ ಮಂಡಿ ಮಡಚಿ ಕೂತು, ಇಲ್ಲಿ ಯುದ್ಧ ಆಗಿತ್ತೇ ಕೇಳಿ, ಎಂದ. ಹೊನ್ನೂರಪ್ಪ ಕೇಳಿದ. ಅಂಬಪ್ಪ ಚಾ ಸೋಸುತ್ತಲೇ ಹೇಳಿದ: "ಯುದ್ಧ ಎಲ್ಲಿದರಿ, ಗದ್ದಲ. ಮೊದಲ ರಜಾಕಾರರು ಬಂದು ನಮ್ಮನ್ನ ಬಡದ್ರು. ಆಮ್ಯಾಲೆ ಮಿಲಿಟ್ರಿ ಬಂತು, ನಮ್ಮವರು ಬಡ್ಯಾಕ ಹೊಂಟ್ರು. ಬಡದೋರು ಓಡಿ ಹೋಗಿದ್ರು, ಸಿಕ್ಕೋರು ಬ್ಯಾರೆ. ಸಿಕ್ಕೋರನ್ನ ಬಡದ್ರು. ಅಷ್ಟರಾಗ ಕಾಲುವಿ ಬಂತು ನೋಡ್ರಿ, ಎಲ್ಲಾರಿಗೂ ಕೆಸರಿನ ಕೆಲಸ ಸಿಕ್ತು, ಮರತ್ರು."

"ಏನಂದ?" ಎಂದ ಡೀಟರ್.

"ಕಾಲುವೆಯಿಂದ ಜನರಿಗೆ ಬಹಳ ಅನುಕೂಲವಾಗಿದೆ ಅಂದ," ಎಂದು ಹೊನ್ನೂರಪ್ಪ ಇಂಗ್ಲಿಷಿನಲ್ಲಿ ಹೇಳಿದ. ಸುಳ್ಳಲ್ಲ, ಅದೂ ಅದರಲ್ಲಿತ್ತು. ಆದರೆ ಅಷ್ಟು ಉದ್ದದ ಮಾತು ಇಷ್ಟು ಗಿಡ್ಡ ಆದದ್ದಕ್ಕೆ ಹುಡುಗ ಹುಬ್ಬೇರಿಸಿ, ಕೈಯ ಪುಸ್ತಕ ತೆಗೆದು, ತಹಶೀಲ್ದಾರರು ಬರೆಸಿದ್ದ ಒಂದು ಹೆಸರನ್ನು ಕಷ್ಟಪಟ್ಟು ಓದಿದ: ಇಮಾಮ್‌ಸಾಬ್. ಅಂಬಪ್ಪನ ಮುಖ ಅರಳಿತು.

"ಆ ಪಿಂಜಾರ ಇಮಾಮ್‌ಸಾಬನೇನು? ಅವನ ಹೇಣ್ತಿ ದಾವಲ್‌ಬೀ ಇಲ್ಲೇ ಗೊರೇಬಾಳದಾಗ ಅದಾಳಲ್ರಿ. ಆಂಧ್ರದವರ ಕ್ಯಾಂಪಿನ ರೆಡ್ಡಿ ಹೊಲದಾಗ ನೆಲ್ಲು ಹಚ್ಚಾಕತ್ತಾಳ. ಆಕೀನ್ನೇ ಕೇಳ್ರಿ. ದಾವಲ್‌ಬೀ, ದೊರಿ, ದಾವಲ್‌ಬೀ. ಗೊರೇಬಾಳ." ಕೈ ಚಾಚಿ ದಿಕ್ಕು ತೋರಿಸಿದ. ಅದಕ್ಕೆ ದುಭಾಷಿ ಬೇಕಿರಲಿಲ್ಲ. ಡೀಟರ್ ಹೆಸರು ಬರೆದುಕೊಂಡು, ಅವಳು ಇನ್ನೂ ಇದ್ದಾಳೆಂದು ನೀವು ಹೇಳಲೇ ಇಲ್ಲ, ಎಂದ. ಹೂಂ, ಎಂದ ಹೊನ್ನೂರಪ್ಪ. ಚಾ ನಾಲಿಗೆ ಸುಟ್ಟಿತು.

ನಲವತ್ತೆಂಟರಲ್ಲಿ ಅವತ್ತು ಭಾದ್ರಪದದ ಬಿಸಿಲು. ಬೆಳಗಿನ ಹತ್ತು ಗಂಟೆ. ಹಿತ್ತಲ ಹಗೇವಿನಲ್ಲಿ ಇಮಾಮ್‌ಸಾಬ್ ಕೂತು ನಾಲ್ಕನೆಯ ದಿನ. ಜೋಳ ತೀರಿ ಖಾಲಿಯಾಗಿದ್ದ, ಬಾವಿಯಂಥ, ಬಾಯಿ ಮಾತ್ರ ಒಬ್ಬ ಇಳಿಯುವಷ್ಟೇ ಸಣ್ಣದಿದ್ದ ನೆಲದ ಕಣಜ. ಬಾಯಿಗೆ ಅಡ್ಡ ಕಟ್ಟಿಗೆ ಇಟ್ಟು, ಉಸಿರಿಗೆ ಸಂದು ಬಿಟ್ಟು, ಮೇಲೆ ಮೇವು ಒಟ್ಟಿದ್ದು ಹೊನ್ನೂರಪ್ಪನೇ. ದಿನಾ ಹಗ್ಗಕ್ಕೆ ಬುಟ್ಟಿ ಕಟ್ಟಿ ರೊಟ್ಟಿ ಇಳಿಸಿದ್ದೂ ಅವನೇ. ಅದು ಸುಳ್ಳಲ್ಲ, ಬಾವುಟದ ಕೆಳಗೆ ಹೇಳುವುದರಲ್ಲಿ ಒಂದಕ್ಷರ ಸುಳ್ಳಿಲ್ಲ. ದಾವಲ್‌ಬೀ ಅಡುಗೆ ಮನೆಯಲ್ಲಿ, ಅವ್ವನ ಇಳಕಲ್ ಸೀರೆ ಉಟ್ಟು, ಹಣೆಗೆ ಕುಂಕುಮ ಇಟ್ಟುಕೊಂಡು, ಸೊಸೆಯ ಹಾಗೆ ರೊಟ್ಟಿ ಬಡಿಯುತ್ತಿದ್ದಳು. ಆಗ ಐದು ಮಂದಿ ಬಂದರು, ಪರ ಊರವರು. ಕೊಡಲಿ ಇದ್ದವು, ಆದರೆ ಹೆಗಲ ಮೇಲೆ, ಕಟ್ಟಿಗೆಗೆ ಹೊರಟವರ ಹಾಗೆ. ಅವರ ಮುಂದಾಳು ಕಟ್ಟೆಯ ಮೇಲೆ ಕೂತು ನೀರು ಕೇಳಿ ಕುಡಿದ. ಅವನ ದನಿ ಚೆನ್ನಾಗಿತ್ತು. ಒಂದೊಂದು ಮಾತಿಗೂ ನಿಲ್ಲುವ ದನಿ.

"ನಿಮ್ಮ ಓಣ್ಯಾಗ ಪಿಂಜಾರ ಇಮಾಮ್‌ಸಾಬ ಅಂತ ಒಬ್ಬ ಅದಾನ."

"ಹೂಂ."

"ನಾಕು ದಿನದಿಂದ ಊರಾಗ ಕಾಣವಲ್ಲ."

"ಹೂಂ."

"ನಿಮ್ಮ ಹಿತ್ತಲದಾಗ ಒಂದು ಹಗೇವು ಐತಿ. ಈಗ ಹಗೇವು ಖಾಲಿ ಇರೋ ಕಾಲ."

"ಹೂಂ."

"ಖಾಲಿ ಹಗೇವಿನ ಬಾಯಿಗೆ ಮೇವು ಒಟ್ಟೀರಿ."

"ಹೂಂ."

"ಅವ ಅದರಾಗ ಅದಾನ."

ಅಲ್ಲಿ ಅವನು ನಿಂತ. ಅಪ್ಪ ನಿಲ್ಲುವಂತೆಯೇ ನಿಂತ. ಕರ್ಣನ ಬಿಲ್ಲು ಎತ್ತಿಯೇ ಇತ್ತು. ಆ ಖಾಲಿ ಜಾಗವನ್ನು ಖಾಲಿ ಬಿಡುವುದು ಹೊನ್ನೂರಪ್ಪನಿಗೆ ಯಾರೂ ಕಲಿಸದ ವಿದ್ಯೆ. ಹೂಂ ಬಿತ್ತು, ಮುಂದಲ್ಲ, ಹಿಂದಲ್ಲ. ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಎಷ್ಟೋ ಸಲ ಅವನು ತನ್ನನ್ನು ಕೂರಿಸಿಕೊಂಡು ವಿಚಾರಣೆ ಮಾಡಿದ್ದ. ಹೆದರಿದ್ದೆಯಾ? ಹೆದರಿದ್ದರೆ ಒಂದು ಮರ್ಯಾದೆ ಇರುತ್ತಿತ್ತು, ಹೆದರಿದವನನ್ನು ದೇವರೂ ಒಪ್ಪುತ್ತಾನೆ. ದ್ವೇಷವಿತ್ತೇ? ಇಮಾಮ್‌ಸಾಬನನ್ನು ದ್ವೇಷಿಸುವುದಕ್ಕೆ ಅರಳೆಯನ್ನು ದ್ವೇಷಿಸಬೇಕು. ನಾಲ್ಕು ದಿನಕ್ಕೇ ಬೇಸರ ಬಂದಿತ್ತೇ, ಆ ಬುಟ್ಟಿ, ಆ ಹಗ್ಗ, ಒಳಗಿನಿಂದ ಬರುವ ಆ ಕೆಮ್ಮು? ಈ ಪ್ರಶ್ನೆ ಬಂದಾಗ ಅವನು ಎದ್ದು ಸಂಧ್ಯಾವಂದನೆಗೆ ಕೂತವರ ಹಾಗೆ ಬಾಯಿ ಮುಕ್ಕಳಿಸುತ್ತಿದ್ದ.

ಅವನ ಹುಟ್ಟೂರು ಗೊರೇಬಾಳಕ್ಕಿಂತ ಈಚೆ, ರಸ್ತೆಗೆ ಹತ್ತಿಕೊಂಡೇ. ದಾಟಿ ಹೋಗಬಹುದು ಎಂದುಕೊಂಡಿದ್ದ. ಆದರೆ ತಹಶೀಲ್ದಾರರು ಊರಿನ ಹೆಸರನ್ನೂ ಬರೆಸಿದ್ದರು. ಮನೆ ಬಿದ್ದಿತ್ತು, ಹಿತ್ತಲಿತ್ತು. ಹಗೇವಿನ ಬಾಯಿಗೆ ಮುಚ್ಚಿದ ಚಪ್ಪಡಿ ಸರಿಸಿ ಡೀಟರ್ ಒಳಗೆ ಇಣುಕಿದ. ಕೈಗೆ ಸಿಗುವಷ್ಟು ಮೇಲೆ ನೀರು ನಿಂತಿತ್ತು. ಕಾಲುವೆ ಬಂದ ಮೇಲೆ ಊರಿನ ಹಗೇವುಗಳೆಲ್ಲ ಹೀಗೆಯೇ. ನೆಲ ಕುಡಿದದ್ದನ್ನು ಒಳಗಿನಿಂದ ಕಾರುತ್ತದೆ, ಜೋಳ ಇಟ್ಟವರ ಜೋಳ ಮೊಳಕೆ ಒಡೆದು ಕೊಳೆತಿತ್ತು. ನೀರಿನಲ್ಲೊಂದು ಕಪ್ಪೆ ಕೈಕಾಲು ಚೆಲ್ಲಿ ಸುಖವಾಗಿ ತೇಲುತ್ತಿತ್ತು. ಇಲ್ಲಿಯೇ? ಎಂದ ಡೀಟರ್, ಪಿಸುಮಾತಿನಲ್ಲಿ. ಹೂಂ. ಅವನು ಕ್ಯಾಮರಾ ತೆಗೆದು, ಪಕ್ಕದಲ್ಲಿ ನಿಲ್ಲಿ, ಎಂದ. ಚೀಲ ಇಳಿಸುತ್ತೇನೆ ಎಂದರೆ, ಬೇಡ, ಹಾಗೇ ಚೆನ್ನಾಗಿದೆ, ಎಂದ. ಹೊನ್ನೂರಪ್ಪ ಹಗೇವಿನ ಪಕ್ಕ ಗಂಟು ಹೊತ್ತು ನಿಂತ. ಟೊಪ್ಪಿಗೆ ಸರಿಮಾಡಿಕೊಂಡ. ಜರ್ಮನಿಯ ಯಾವುದೋ ಗೋಡೆಯ ಮೇಲೆ ಒಳ್ಳೆಯ ಮನುಷ್ಯ ಎಂದು ಬರೆಸಿಕೊಂಡು ತಾನು ನೇತಾಡುವುದು, ಕೆಳಗೆ ಕಪ್ಪೆಯ ಸಮೇತ, ಅವನಿಗೆ ಸ್ಪಷ್ಟವಾಗಿ ಕಂಡಿತು. ಟೊಪ್ಪಿಗೆ ಸರಿಮಾಡಿಕೊಂಡದ್ದಕ್ಕೆ ಆಮೇಲೆ ಹೇಸಿಗೆಯಾಯಿತು.

ಗೊರೇಬಾಳದ ಕಡೆ ಹೊಲ ಅಂದರೆ ಹೊಲವಲ್ಲ, ಆಕಾಶವನ್ನು ತುಂಡು ತುಂಡು ಮಾಡಿ ನೆಲಕ್ಕೆ ಹಾಸಿದಂತೆ ನೀರು. ಹತ್ತಿಪ್ಪತ್ತು ಹೆಣ್ಣುಮಕ್ಕಳು ಸಾಲಾಗಿ ಬಗ್ಗಿ ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ಸಸಿ ಹಚ್ಚುತ್ತಿದ್ದರು. ಬಿಳಿ ಮನುಷ್ಯನನ್ನು ಕಂಡು ಸಾಲು ಎದ್ದು ನಿಂತಿತು. ಮೊದಲು ಮಾತಾಡಿದವಳು ಯಮನೂರಮ್ಮ ಎಂಬ ಮೇಸ್ತ್ರಿ ಹೆಂಗಸು.

"ಯಾರ ಮದಿವಿ ದಿಬ್ಬಣ ಬಂತಬೇ ಇದು? ಮದಿಮಗ ಮುಂದ, ಗಂಟು ಹೊತ್ತ ಬೀಗ ಹಿಂದ."

ಸಾಲು ನಕ್ಕಿತು. ನಗದವಳು ಒಬ್ಬಳೇ, ಅವಳು ಎದ್ದಿರಲೂ ಇಲ್ಲ. ಕೈಯಲ್ಲಿ ಉಳಿದ ನಾಲ್ಕು ಸಸಿ ಹಚ್ಚಿ ಮುಗಿಸಿ, ಸೊಂಟದ ಮೇಲೆ ಕೈಯಿಟ್ಟು ಮೆಲ್ಲಗೆ ನೆಟ್ಟಗಾದಳು. ರೆಪ್ಪೆ ಬೆಳ್ಳಗಾಗಿತ್ತು. ಅರಳೆ ಅಂಟಿದೆ ಎಂದು ಒಂದು ಗಳಿಗೆ ಹೊನ್ನೂರಪ್ಪನಿಗೆ ಅನ್ನಿಸಿತು. ಬದುವಿನ ಹತ್ತಿರ ಬಂದು, ನೀರಿನಲ್ಲಿಯೇ ನಿಂತು, ದಾವಲ್‌ಬೀ ಕೇಳಿದಳು:

"ಆರಾಮ ಅದೀರೇನ್ರಿ ಮಾಸ್ತರ?"

ಮಾಸ್ತರ. ರೀ. ತಮ್ಮಾ ಎಂದು ಕರೆಯುತ್ತಿದ್ದ ಬಾಯಿ. ಹೊನ್ನೂರಪ್ಪ ಹೂಂ ಎಂದ. ಡೀಟರ್ ಪುಸ್ತಕ ತೆರೆದು, ನಿಮ್ಮ ಗಂಡನಿಗೆ ಏನಾಯಿತೆಂದು ತಿಳಿಯಲು ಬಂದೆ ಎಂದು ಹೇಳಿ, ನೋವಾಗುವುದಾದರೆ ಬೇಡ ಎಂದೂ ಹೇಳಿ, ಎಂದ. ಎರಡನೆಯದನ್ನು ಹೊನ್ನೂರಪ್ಪ ಮೊದಲು ಹೇಳಿದ, ಎರಡು ಸಲ ಹೇಳಿದ. ಅವಳಿಗೆ ನೋವಾದೀತೆಂಬ ಕಾಳಜಿ ಅವನ ದನಿಯಲ್ಲಿ ನಡುಗುತ್ತಿತ್ತು.

ದಾವಲ್‌ಬೀ ಕೆಸರು ಕೈಯನ್ನು ನೀರಿನಲ್ಲಿ ಅದ್ದಿ ತೊಳೆದಳು. "ಬರಕೋ ಅನ್ರಿ ಅವಗ. ಈ ಮಾಸ್ತರ ನನ್ನ ಗಂಡನ್ನ ತಮ್ಮ ಹಗೇವಿನಾಗ ಇಟ್ಟಿದ್ರು. ಊರಾಗ ಯಾರೂ ಬಾಗಲಾ ತಗೀಲಿಲ್ಲ, ಇವರು ತಗದ್ರು. ನಾಕು ದಿನ ರೊಟ್ಟಿ ಇಳಿಸ್ಯಾರ. ನನಗ ಇವರವ್ವ ತನ್ನ ಸೀರಿ ಉಡಿಸಿದ್ಲು. ನಾ ಯಾರ ಮುಂದೂ ಇವರ ಬಗ್ಗೆ ಕೆಟ್ಟದ್ದ ಒಂದು ಮಾತು ಆಡಿಲ್ಲ."

ಮಾತು ಮಾತಿಗೂ ಹೊನ್ನೂರಪ್ಪನಿಂದ ಹೂಂ ಬೀಳುತ್ತಿತ್ತು. ನೆಲದಿಂದ ಅರ್ಧ ಗೇಣು ಮೇಲೆದ್ದಷ್ಟು ಹಗುರಾದ, ಚೀಲವೂ ಹಗುರಾಯಿತು. ಬೆಳಗಿನಿಂದ ಮೊದಲ ಸಲ ಅವನು ಒಂದಕ್ಷರ ಬಿಡದೆ ಇಂಗ್ಲಿಷಿಗೆ ಹಾಕಿದ. ಸೀರೆ ಇಳಕಲ್ಲಿನದೆಂಬುದನ್ನು ತಾನೇ ಸೇರಿಸಿದ. ಡೀಟರ್ ಬರೆಯುತ್ತ ಬರೆಯುತ್ತ ತಲೆ ಎತ್ತಿ ಅವನ ಕೈ ಹಿಡಿದು ಕುಲುಕಿದ. ಸಾಲಿನ ಹೆಣ್ಣುಮಕ್ಕಳು ನೋಡುತ್ತಿದ್ದರು. ಇರಲಿ, ನೋಡಲಿ. ಆಮೇಲೆ ಡೀಟರ್ ಕೇಳಿದ: ಹಾಗಾದರೆ ಅವರಿಗೆ ಹೇಗೆ ಗೊತ್ತಾಯಿತು? ಯಾರು ಹೇಳಿದರು?

ಇದನ್ನು ಕಾಲುವೆಯ ಸುದ್ದಿಯನ್ನಾಗಿ ಮಾಡಬಹುದಿತ್ತು. ಸಸಿಯ ಸುದ್ದಿ, ಕೂಲಿಯ ಸುದ್ದಿ. ಆದರೆ ಹೊಗಳಿಕೆಯ ಬೆಚ್ಚಗಿನಲ್ಲಿ ಅವನ ಕಾವಲು ಸಡಿಲಿತ್ತು. ಬಾಯಿ ತಾನಾಗಿಯೇ ಅದನ್ನು ಕನ್ನಡ ಮಾಡಿ ಮುಗಿಸಿತು. ದಾವಲ್‌ಬೀ ಅವನನ್ನು ನೋಡಿದಳು. ಸಿಟ್ಟಿರಲಿಲ್ಲ. ತಕ್ಕಡಿ ಹಿಡಿದವರು ಮುಳ್ಳನ್ನು ನೋಡುವಂತೆ ನೋಡಿದಳು.

"ಅದನ್ನ ಅವರನ್ನೇ ಕೇಳು ಅನ್ರಿ," ಎಂದಳು, ಗದ್ದ ಮುಂದೆ ಮಾಡಿ ಹೊನ್ನೂರಪ್ಪನ ಕಡೆ ತೋರಿಸಿ.

ಆ ಗದ್ದಕ್ಕೂ ದುಭಾಷಿ ಬೇಕಿರಲಿಲ್ಲ. ಡೀಟರ್ ತಿರುಗಿದ. "ನಿಮಗೆ ಗೊತ್ತೇ? ಅಲ್ಲಿ ನೀವು ಇದ್ದಿರಿ. ಯಾರೋ ಬಾಯಿಬಿಟ್ಟಿರಬೇಕಲ್ಲವೇ?" ಎಂದು ಕೇಳಿ ನಿಂತ. ಪೆನ್ನು ಹಾಳೆಯ ಮೇಲೆ ನಿಂತಿತ್ತು. ನೀರು ನಿಂತಿತ್ತು. ಹೆಣ್ಣುಮಕ್ಕಳ ಸಾಲು ನಿಂತಿತ್ತು. ಇಪ್ಪತ್ತೆರಡು ವರ್ಷ ಯಾರೂ ಇಡದ ಪ್ರಶ್ನೆ ಕಡೆಗೂ ಅದರ ಜಾಗಕ್ಕೆ ಬಂದು ಕೂತಿತ್ತು, ಮತ್ತು ಅದಕ್ಕೆ ಒಂದೇ ಉತ್ತರವಿತ್ತು, ಅದೂ ಅವನಿಗೆ ಬರುವ ಉತ್ತರವೇ. ಹೊನ್ನೂರಪ್ಪ ಈ ಸಲ ಬೇಕೆಂದು, ತಿಳಿದು, ಇದ್ದಷ್ಟು ಧೈರ್ಯ ಕೂಡಿಸಿಕೊಂಡು, ಹುಡುಗನ ಕಣ್ಣು ನೋಡಿ ಹೇಳಿದ:

"ಹೂಂ."

ಡೀಟರ್ ಮುಂದಿನ ಮಾತಿಗೆ ಕಾದ. ಆಮೇಲೆ ಪುಸ್ತಕ ಮುಚ್ಚಿದ. ಬೆಳಗಿನಿಂದ ಆ ಸದ್ದನ್ನು ಅವನು ನೂರು ಸಲ ಕೇಳಿದ್ದ. ಕಲ್ಲಿನ ಮುಂದೆ, ಚಾದ ಮುಂದೆ, ಕಪ್ಪೆಯ ಮುಂದೆ. ಅದಕ್ಕೆ ಅರ್ಥವಿಲ್ಲವೆಂಬುದನ್ನು ಅಷ್ಟರಲ್ಲಿ ಕಲಿತಿದ್ದ. "ಕ್ಷಮಿಸಿ, ಕೇಳಬಾರದಿತ್ತು. ನಿಮಗೂ ಅದು ನೋವಿನ ವಿಷಯ," ಎಂದು ಅವನ ಹೆಗಲು ತಟ್ಟಿದ. ತಟ್ಟಿದ್ದು ಚೀಲದ ಪಟ್ಟಿಗೆ ಬಿತ್ತು.

ದಾವಲ್‌ಬೀ ಆಗಲೇ ತಿರುಗಿದ್ದಳು. ಹೊಸ ಸಸಿಯ ಕಟ್ಟು ಬಿಚ್ಚಿ ಬಗ್ಗುವಾಗ, ನೀರಿಗೆ ಹೇಳಿದಂತೆ ಹೇಳಿದಳು:

"ಅವತ್ತೂ ಇಷ್ಟೇ ಅಂದಿದ್ದಿ ತಮ್ಮಾ."

"ಏನಂದಳು?" ಎಂದ ಡೀಟರ್.

"ಹೊತ್ತಾಯಿತು, ಸಿಂಧನೂರು ಇನ್ನೂ ದೂರ ಇದೆ ಅಂದಳು."

ಕಾಲುವೆಯ ದಂಡೆಗೆ ಹತ್ತಿದ ಮೇಲೆ, ಈಗ ನಾನು ಹೊರುತ್ತೇನೆ ಕೊಡಿ, ಎಂದು ಡೀಟರ್ ಚೀಲಕ್ಕೆ ಕೈ ಹಾಕಿದ. ಕಡೆಗೂ ಕಲಿತಿದ್ದ. ಹೊನ್ನೂರಪ್ಪ ಕೊಡಲಿಲ್ಲ. ಜಗ್ಗಾಡಿ, ಜಗ್ಗಾಡಿ, ಹುಡುಗನೇ ಬಿಟ್ಟುಕೊಟ್ಟು ಮುಂದೆ ನಡೆದ. ನಡೆಯುತ್ತ ತನ್ನ ಅಪ್ಪನ ಸುದ್ದಿ ತೆಗೆದ. ಅಪ್ಪ ಯುದ್ಧದಲ್ಲಿ ಯಾವುದೋ ಊರಲ್ಲಿದ್ದನಂತೆ. ಆ ಊರಲ್ಲಿ ಏನೋ ಆಯಿತಂತೆ. ಮಗ ಕೇಳಿದರೆ ಪೇಪರಿನ ಹಿಂದಿನಿಂದ ಒಂದು ಸದ್ದು ಬರುತ್ತದಂತೆ, ಅಷ್ಟೇ. ಅಲ್ಲಿ ಕೇಳಲಾಗದೆ ಹೊರಟವನು ಕೇಳುತ್ತ ಕೇಳುತ್ತ ಇಲ್ಲಿಗೆ ಬಂದನಂತೆ. ಹುಡುಗ ಹಿಂದೆ ನೋಡದೆ ಒಂದೊಂದು ಮಾತಿಗೂ ನಿಂತು ನಿಂತು ಹೇಳುತ್ತಿದ್ದ, ದನಿ ಚೆನ್ನಾಗಿತ್ತು. ಹೊನ್ನೂರಪ್ಪ ಹಲ್ಲು ಕಚ್ಚಿ, ತುಟಿ ಬಿಗಿದು, ಬಾಯಿಗೆ ಕೈ ಅಡ್ಡ ಇಟ್ಟುಕೊಂಡ. ಹುಡುಗ ನಿಂತ. ಅದು ಮೂಗಿನಿಂದ ಬಂತು.